ಬದುಕಿರುವವಳ ಫೋಟೋಗೆ ಹಾರ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಕಥೆ ಹೇಳಿ ಹೆಸರು ಮಾಡುವ ಆಸೆ ನನಗಿಲ್ಲ. ಇದನ್ನು ಬರೆಯಲೇಬೇಡ ಎಂದು ನನ್ನ ಗಂಡ ಶ್ರೀಧರ್ ಎರಡು ಸಲ ಹೇಳಿದ್ದಾರೆ. ಆದರೆ ನಡೆದದ್ದಂತೂ ನಡೆದುಹೋಗಿದೆ. ಡಾಲಸ್ ಹತ್ತಿರದ ಸೌತ್‌ಲೇಕ್‌ನಲ್ಲಿ, ನಮ್ಮದೇ ಮನೆಯ ಹಾಲ್‌ನಲ್ಲಿ, ಬಾಗಿಲಿಗೆ ಮಕ್ಕಳು ಬಂದು ಹೋಗುತ್ತಿದ್ದ ಹೊತ್ತಿನಲ್ಲೇ ನಡೆದದ್ದು.

ನನಗೆ ಸೋಲುವುದೆಂದರೆ ಆಗಿಬರುವುದಿಲ್ಲ. ಹಿಂದಿನ ವರ್ಷ, ಮಕ್ಕಳು ದೆವ್ವದ ವೇಷ ಹಾಕಿ ಚಾಕೊಲೇಟ್ ಕೇಳುತ್ತಾ ಮನೆಮನೆಗೆ ಬರುವ ಹ್ಯಾಲೋವೀನ್ ಹಬ್ಬಕ್ಕೆ, ನಾನು ಅಂಟಿಸಿದ್ದ ಪ್ಲಾಸ್ಟಿಕ್ ಜೇಡಗಳನ್ನು ನೋಡಿ ಎದುರುಮನೆಯ ಲಿಂಡಾ ‘ಕ್ಯೂಟ್’ ಎಂದು ತುಟಿ ಕೊಂಕಿಸಿದ್ದಳು. ನಮ್ಮ ಬೀದಿಯ ಅಲಂಕಾರ ಸ್ಪರ್ಧೆಯಲ್ಲಿ ಪ್ರತಿ ಸಲ ಗೆಲ್ಲುವವಳು ಅವಳೇ. ಆ ಒಂದು ಮಾತು ವರ್ಷವಿಡೀ ನನ್ನ ಹೊಟ್ಟೆ ಉರಿಸಿತು. ಈ ಸಲ ಅಸ್ಥಿಪಂಜರ, ಕುಂಬಳಕಾಯಿ ಯಾವುದೂ ಬೇಡ, ಹಳೇ ಕಾಲದ ಶ್ರೀಮಂತರ ಬಂಗಲೆಯ ಹಾಗೆ ಗಾಥಿಕ್ ಶೈಲಿಯಲ್ಲಿ ಮನೆ ಸಿಂಗರಿಸಿ ಅವಳ ಬಾಯಿ ಮುಚ್ಚಿಸಬೇಕು ಎಂದು ಹಟ ಹಿಡಿದೆ.

ಕಪ್ಪು ವೆಲ್ವೆಟ್ ಪರದೆ ಬಂತು, ಎತ್ತರದ ಕ್ಯಾಂಡಲ್ ಸ್ಟ್ಯಾಂಡ್ ಬಂತು. ಗೋಡೆಗೆ ಹಳೇ ಫ್ರೇಮುಗಳು ಬೇಕಿದ್ದವು. ಡಾಲಸ್‌ನ ಒಂದು ಹಳೇ ಮನೆಯ ಎಸ್ಟೇಟ್ ಸೇಲ್‌ಗೆ ಹೋದೆ. ಯಾರಾದರೂ ತೀರಿಕೊಂಡರೆ ಇಲ್ಲಿ ಅವರ ಸಾಮಾನನ್ನೆಲ್ಲ ಅದೇ ಮನೆಯಲ್ಲಿ ಹರಡಿ ಮಾರುತ್ತಾರೆ. ಮಂಚದ ಕೆಳಗೆ ಇನ್ನೂ ಅವರ ಚಪ್ಪಲಿ ಇತ್ತು. ಊರಿನಲ್ಲಾಗಿದ್ದರೆ ಅಂಥ ಮನೆಯಿಂದ ಒಂದು ಚಮಚವನ್ನೂ ತರುತ್ತಿರಲಿಲ್ಲ. ಇಲ್ಲಿ ಮಾತ್ರ ಏಳು ಅಂಡಾಕಾರದ ಕರಿಮರದ ಫ್ರೇಮುಗಳನ್ನು, ಒಳಗಿದ್ದ ಹಳೇ ಫೋಟೋಗಳ ಸಮೇತ ಎತ್ತಿಕೊಂಡು ಬಂದೆ.

ಆರು ಫೋಟೋಗಳು ಪರವಾಗಿರಲಿಲ್ಲ. ಏಳನೆಯದರಲ್ಲಿ ಒಬ್ಬ ಮುದುಕಿ, ಕತ್ತಿನವರೆಗೂ ಗುಂಡಿ ಹಾಕಿದ ಕಪ್ಪು ಗೌನು. ಹಾಲ್‌ನಲ್ಲಿ ಎಲ್ಲಿ ನಿಂತರೂ ನನ್ನನ್ನೇ ದುರುಗುಟ್ಟುತ್ತಿದ್ದಳು. ನನ್ನ ಮನೆಗೆ ಬಂದು ನನ್ನನ್ನೇ ಗದರುವವಳ ಹಾಗೆ ನೋಡಲು ಇವಳ್ಯಾರು ಎಂದು ಸಿಟ್ಟು ಬಂತು. ಫೋಟೋ ಕಿತ್ತು ರಿಸೈಕಲ್ ಡಬ್ಬಿಗೆ ಎಸೆದೆ. ಕಸದ ಲಾರಿ ಬಂದು ತೆಗೆದುಕೊಂಡು ಹೋಯಿತು.

ಖಾಲಿಯಾದ ಫ್ರೇಮಿಗೆ ನನ್ನ ಮಗಳ ಫೋಟೋ ಹಾಕಿದೆ. ಅನಿಕಾಗೆ ಹದಿನಾಲ್ಕು ವರ್ಷ. ಸ್ಕೂಲ್ ಆರ್ಕೆಸ್ಟ್ರಾಗೆ ಉದ್ದನೆಯ ಕಪ್ಪು ಡ್ರೆಸ್ ಹಾಕಿ ವಯಲಿನ್ ಹಿಡಿದಿದ್ದ ಫೋಟೋವನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿದೆ. ಉಳಿದ ಆರು ಜನರ ಜೊತೆ ಹೊಂದಿಕೊಂಡುಬಿಟ್ಟಿತು.

ಆಮೇಲೆ ಹೂವು. ಕಪ್ಪು ಬಣ್ಣ ಹಾಕಿದ ಒಣ ಗುಲಾಬಿಗಳನ್ನು ತರಿಸಿದ್ದೆ. ಈ ಊರಿನವರಾಗಿದ್ದರೆ ಫ್ರೇಮಿನ ಮೂಲೆಗೆ ಒಂದೆರಡು ಸಿಕ್ಕಿಸಿ ಬಿಡುತ್ತಿದ್ದರು. ನಾನು ಮೈಸೂರಿನವಳು, ದಾರ ಸಿಕ್ಕರೆ ಕೈ ಸುಮ್ಮನಿರುವುದಿಲ್ಲ. ಕುಳಿತು ಏಳು ಹಾರ ಕಟ್ಟಿದೆ. ಹೇಗೂ ಸತ್ತವರ ಫೋಟೋಗಳು, ಹಾರ ಹಾಕಿದರೆ ಒಪ್ಪುತ್ತದೆ ಎಂದುಕೊಂಡು ಸಾಲಾಗಿ ಹಾಕುತ್ತಾ ಹೋದೆ. ಏಳನೆಯದಕ್ಕೂ ಹಾಕಿದೆ. ಕೈ ಒಂದು ಕ್ಷಣವೂ ತಡೆಯಲಿಲ್ಲ.

ಅನಿಕಾ ನೋಡಿ ಕೆಂಡವಾದಳು. “ಇಟ್ಸ್ ಕ್ರೀಪಿ, ಅಮ್ಮಾ. ಟೇಕ್ ಮಿ ಡೌನ್” ಎಂದಳು. ನಾನು ಒಪ್ಪಲಿಲ್ಲ. ಅವಳು ಮೇಲೆ ಹೋಗಿ ಬಾಗಿಲು ಬಡಿದ ರಭಸಕ್ಕೆ ಫ್ರೇಮುಗಳು ಅಲುಗಾಡಿದವು. ನಮ್ಮಿಬ್ಬರಿಗೆ ದಿನಾ ಇದೇ ಆಗಿತ್ತು.

ಹ್ಯಾಲೋವೀನ್ ದಿನ ಮಧ್ಯಾಹ್ನ ಶೈಲಕ್ಕ ಬಂದರು. ಧಾರವಾಡದವರು, ಈಗ ಇಲ್ಲೇ ಹತ್ತಿರದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದಾರೆ, ಇಲ್ಲಿ ನನಗೆ ಸ್ವಂತ ಅಕ್ಕನ ಹಾಗೆ. ಗೋಡೆ ನೋಡುತ್ತಲೇ ಕಾಫಿ ಲೋಟ ಕೆಳಗಿಟ್ಟರು.

“ಜೀವಂತ ಇರೋ ಹುಡುಗಿ ಫೋಟೋಕ್ಕ ಹಾರ ಹಾಕ್ತಾರೇನವಾ? ಮೊದ್ಲ ತಗೀ ಅದನ್ನ.”

ಹಾಕುವಾಗ ಅದು ಹೊಳೆದೇ ಇರಲಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಒಂದು ತೆಗೆದರೆ ಸಾಲು ಕೆಡುತ್ತದೆ, ಸಂಜೆ ಜಡ್ಜ್‌ಗಳು ಬರುತ್ತಾರೆ, ನನ್ನ ಗೋಡೆ ನನ್ನಿಷ್ಟ ಎಂದು ಏರಿದ ದನಿಯಲ್ಲೇ ಹೇಳಿದೆ. ಶೈಲಕ್ಕ ಕಾಫಿ ಮುಗಿಸದೆ ಎದ್ದುಹೋದರು.

ಕತ್ತಲಾಯಿತು. ಶ್ರೀಧರ್ ಆಫೀಸ್ ಕೆಲಸಕ್ಕೆ ಹ್ಯೂಸ್ಟನ್‌ಗೆ ಹೋಗಿದ್ದರು. ಅನಿಕಾ ಮೇಲಿನ ಕೋಣೆಯಲ್ಲಿ ಮುನಿಸಿಕೊಂಡು ಮಲಗಿದ್ದಳು. ನಾನು ಕ್ಯಾಂಡಲ್ ಹಚ್ಚಿ, ಚಾಕೊಲೇಟ್ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತೆ. ಬೆಲ್ ಮೇಲೆ ಬೆಲ್. ಬಂದವರೆಲ್ಲ ಒಳಗೆ ಇಣುಕಿ ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ.

ಇಬ್ಬರು ಮಕ್ಕಳನ್ನು ಕರೆತಂದಿದ್ದ ಒಬ್ಬ ಅಪರಿಚಿತ ಟೋಪಿ ತೆಗೆದು, ನಿಮ್ಮ ಮಗಳ ವಿಷಯ ತಿಳಿದು ದುಃಖವಾಯಿತು ಎಂದ. ಹ್ಯಾಲೋವೀನ್ ತಮಾಷೆ ಇರಬೇಕು ಎಂದು ನಕ್ಕೆ. ಆತ ನಗಲಿಲ್ಲ. ಮಕ್ಕಳ ಕೈ ಹಿಡಿದು ಬೇಗ ಇಳಿದುಹೋದ.

ಸ್ವಲ್ಪ ಹೊತ್ತಿಗೆ ಲಿಂಡಾ ಬಂದಳು. ಕೊಂಕು ಮಾತಿಗೆ ಉತ್ತರ ರೆಡಿ ಮಾಡಿಕೊಂಡಿದ್ದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ಒದ್ದೆಯಾಗಿತ್ತು. ಅಷ್ಟು ಚಿಕ್ಕ ವಯಸ್ಸು, ಇಂಥ ದಿನ ನೀನು ಬಾಗಿಲಲ್ಲಿ ನಿಲ್ಲಬಾರದಿತ್ತು ಎಂದಳು. ಯಾರು ಹೇಳಿದರು ನಿನಗೆ ಎಂದು ಕೇಳಿದೆ.

“ಈಗ ಮೇಲೆ ಹತ್ತಿ ಹೋದರಲ್ಲ... ಆ ಕಪ್ಪು ಗೌನಿನ ಅಜ್ಜಿ” ಎಂದು ಲಿಂಡಾ ಇಂಗ್ಲಿಷಿನಲ್ಲಿ ಪಿಸುಗುಟ್ಟಿ, ನನ್ನ ಹಿಂದಿನ ಮೆಟ್ಟಿಲಿನ ಕಡೆ ನೋಡಿದಳು.

ತಿರುಗಿದೆ. ಮೆಟ್ಟಿಲು ಖಾಲಿ... ಆದರೆ ಹಾಲ್ ತುಂಬಾ ಹೊಸದೊಂದು ವಾಸನೆ. ಹೆಣಕ್ಕೆ ಹಾಕಿದ ಗುಲಾಬಿ ಹಾರ ನೀರು ಕುಡಿದು, ಬಿಸಿಲಿಗೆ ಬಾಡಿದಾಗ ಬರುತ್ತದಲ್ಲ, ಅದೇ ವಾಸನೆ. ಗೋಡೆಯ ಮೇಲೆ ಆರು ಹಾರಗಳು ಒಣಗಿದಂತೆಯೇ ಇದ್ದವು. ಏಳನೆಯದರಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಮೇಲೆ ಮರದ ನೆಲ ಕಿರುಗುಟ್ಟಿತು. ಬುಟ್ಟಿ ಅಲ್ಲೇ ಬಿಸಾಡಿ ಮೆಟ್ಟಿಲು ಹತ್ತಿದೆ.

ಅನಿಕಾ ಕತ್ತಲಲ್ಲಿ ಮಂಚದ ಅಂಚಿಗೆ ಕುಳಿತಿದ್ದಳು. ಪಕ್ಕದಲ್ಲಿ ಹಾಸಿಗೆ ಒಬ್ಬರು ಕೂರುವಷ್ಟು ಅಗಲಕ್ಕೆ ತಗ್ಗಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ನಿಧಾನವಾಗಿ ಮೇಲೆದ್ದು ಸಮವಾಯಿತು.

“ಅಮ್ಮಾ, ಆ ಅಜ್ಜಿ ಹೋದ್ರಾ?” ಎಂದಳು. ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. “ಶೀ ವಾಸ್ ಸೋ ಆಂಗ್ರಿ ವಿತ್ ಯೂ. ನಿಮ್ಮಮ್ಮ ನನ್ನ ಜಾಗ ನಿಂಗೆ ಕೊಟ್ಟಿದಾಳೆ, ನಿನ್ನ ಜಾಗ ನಂಗೆ ಕೊಡು ಅಂದ್ರು.”

“ನೀನೇನಂದೆ?”

ಅವಳು ಪಕ್ಕದ ಹಾಸಿಗೆಯ ಸುಕ್ಕನ್ನು ಅಂಗೈಯಿಂದ ಸವರಿ ನೇರ ಮಾಡಿದಳು.

ಅವಳನ್ನು ಎಳೆದುಕೊಂಡೇ ಕೆಳಗೆ ಬಂದೆ. ಹಾರ ಕಿತ್ತರೆ ಬರಲಿಲ್ಲ, ದಾರ ಬೆರಳು ಕುಯ್ದಿತು. ಅಡುಗೆಮನೆಯ ಕತ್ತರಿ ತಂದು ಕತ್ತರಿಸಿದೆ. ಫೋಟೋ ತೆಗೆಯಲು ಫ್ರೇಮ್ ಬಿಚ್ಚಿದೆ. ಹತ್ತು ದಿನದ ಹಿಂದೆ ಪ್ರಿಂಟ್ ಹಾಕಿಸಿದ ಫೋಟೋ, ಹಳದಿಗಟ್ಟಿ, ಕಂದು ಚುಕ್ಕೆ ಬಿದ್ದು, ನೂರು ವರ್ಷದಿಂದ ಅಲ್ಲೇ ಇತ್ತೇನೋ ಎಂಬಂತೆ ಗಾಜಿಗೆ ಅಂಟಿಕೊಂಡಿತ್ತು. ಎಬ್ಬಿಸಲು ಹೋದರೆ ಮುಖವೇ ಸುಲಿದು ಬಂತು. ನಾನು ಕಿರುಚಿಕೊಂಡೆ. ಅನಿಕಾ ಸುಮ್ಮನೆ ನೋಡುತ್ತಾ ನಿಂತಿದ್ದಳು.

ಮಧ್ಯಾಹ್ನ ನನ್ನಿಂದ ಅಷ್ಟು ಅನ್ನಿಸಿಕೊಂಡು ಹೋಗಿದ್ದರೂ, ಒಂದು ಫೋನಿಗೆ ಶೈಲಕ್ಕ ಓಡಿ ಬಂದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಯಲ್ಲಿ ಸುಟ್ಟರು. ನಮ್ಮ ಮನೆಯ ಸ್ಮೋಕ್ ಅಲಾರಂ ಬರೀ ಒಗ್ಗರಣೆಗೇ ಬೊಬ್ಬೆ ಹೊಡೆಯುವಂಥದ್ದು. ಅಂದು ಹಿಡಿ ಮೆಣಸಿನಕಾಯಿ ಕರಕಲಾದರೂ ಅದು ತುಟಿಪಿಟಕ್ಕೆನ್ನಲಿಲ್ಲ. ಘಾಟೂ ಬರಲಿಲ್ಲ, ಒಬ್ಬರಿಗೂ ಕೆಮ್ಮು ಬರಲಿಲ್ಲ. ಶೈಲಕ್ಕನ ಮುಖ ಬಿಳಿಚಿಕೊಂಡಿತು. ದೃಷ್ಟಿ ಎಷ್ಟು ದೊಡ್ಡದೋ ಘಾಟು ಅಷ್ಟು ಕಡಿಮೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಸ್ಪರ್ಧೆಯಲ್ಲಿ ಆ ಸಲ ಗೆದ್ದವಳು ನಾನೇ. ಬಹುಮಾನ ತರಲು ಹೋಗಲಿಲ್ಲ.

ಅನಿಕಾಗೆ ಏನೂ ಆಗಿಲ್ಲ. ಡಾಕ್ಟರ್ ಎಲ್ಲ ಟೆಸ್ಟ್ ಮಾಡಿ ಆರೋಗ್ಯವಾಗಿದ್ದಾಳೆ ಎಂದರು. ಸಮಯಕ್ಕೆ ಸರಿಯಾಗಿ ಏಳುತ್ತಾಳೆ, ತಟ್ಟೆ ತಾನೇ ತೊಳೆಯುತ್ತಾಳೆ, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚುತ್ತಾಳೆ. ನಾನು ಹೇಳಿದ್ದಕ್ಕೆಲ್ಲ ಸರಿ ಎನ್ನುತ್ತಾಳೆ. ಹುಡುಗಿಗೆ ಎಷ್ಟು ಬೇಗ ಬುದ್ಧಿ ಬಂತು, ನೀನು ಅದೃಷ್ಟವಂತೆ ಎಂದು ಶ್ರೀಧರ್ ಸಮೇತ ಎಲ್ಲರೂ ಹೇಳುತ್ತಾರೆ. ಶೈಲಕ್ಕ ಮಾತ್ರ ಅವಳ ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ.

ಮೊನ್ನೆ ತಡೆಯಲಾರದೆ, ಬೇಕೆಂದೇ ಅವಳ ಫೋನ್ ಕಿತ್ತುಕೊಂಡು, ಒಂದು ತಿಂಗಳು ಕೊಡುವುದಿಲ್ಲ ಎಂದೆ. ಜಗಳವಾಡಲಿ, ಕಿರುಚಲಿ, ಐ ಹೇಟ್ ಯೂ ಅನ್ನಲಿ ಎಂದು ಕಾದೆ. ಅವಳು ಮುದುಕಿಯರ ಹಾಗೆ ನನ್ನ ಕೆನ್ನೆ ಸವರಿ, ಪರವಾಗಿಲ್ಲ ಎಂದು ನಕ್ಕು ಓದಲು ಕುಳಿತಳು.

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಗಳು ಒಳ್ಳೆಯವಳಾದಳು ಎಂದು ಯಾವ ತಾಯಿ ಅಳುತ್ತಾಳೆ, ನೀವೇ ಹೇಳಿ.