ಉಪದೇಶಿ ಕಾಕಾ ಸುಣ್ಣ ಬಳಿದ ಸಮಾಧಿ

ಬೇಸಿಗೆ ಬಂತೆಂದರೆ ಕಾಕಾನ ಬಲಗೈ ಉಗುರುಗಳ ಸಂದಿಯಲ್ಲಿ ಸುಣ್ಣ ಕೂರುತ್ತಿತ್ತು. ಬೆರಳ ತುದಿಗಳು ಬಿರಿದು, ಬಿಸಿ ಚಹಾದ ಕಪ್ಪು ಹಿಡಿಯುವಾಗ ಮುಖ ಕಿವುಚುತ್ತಿದ್ದರು. "ಕಾಕಾ, ಎಣ್ಣಿ ಹಚ್ಕೋರಿ" ಎಂದರೆ, "ಈಸ್ಟರ್ ಮುಗೀಲಿ ತಡಿಯವಾ" ಎನ್ನುವರು.

ಹಳೇ ಊರು ಮುಳುಗುವಾಗ ಕಟ್ಟಿದ ನವನಗರದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ಚರ್ಚಿನಲ್ಲಿ ಪಾದ್ರಿ ಇಲ್ಲದ ದಿನ ಪ್ರಾರ್ಥನೆ ನಡೆಸುವ ಉಪದೇಶಿ. ನಾವು ಲಿಂಗಾಯತರು. ನಮ್ಮಲ್ಲಿ ಕೂತು ರೊಟ್ಟಿ ತಿನ್ನುತ್ತ ನಮ್ಮವ್ವನ ಜೊತೆ ವಚನದ ಅರ್ಥಕ್ಕೆ ಜಗಳ ತೆಗೆಯುವರು, ಸೋಲುತ್ತಲೂ ಇರಲಿಲ್ಲ.

ಅವರ ಹೆಂಡತಿ ಹಳೇ ಊರಿನ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಅದನ್ನು ಕಟ್ಟಿದ್ದು ಸಮುದ್ರದಾಚೆಯಿಂದ ಬಂದ ಡಾಕ್ಟರಮ್ಮ. ಆಕೆ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಳಿ ಹೆಂಗಸಿನ ಕೈಗೆ ಬಸುರಿಯರನ್ನು ಒಪ್ಪಿಸಲು ನಮ್ಮ ಓಣಿಗಳು ತಯಾರಿರಲಿಲ್ಲ. ಮೊದಲು ಮನೆಗಳ ಒಳಗೆ ಹೋಗಿ, ಅತ್ತೆಯರ ಬೈಗುಳ ತಿಂದು, ಬಾಗಿಲು ತೆಗೆಸಿದವರು ಕಾಕಾನ ಹೆಂಡತಿ. ಚರ್ಚಿನಲ್ಲಿ ವರ್ಷವರ್ಷ ಹೇಳುವ ಮಿಷನ್ ಚರಿತ್ರೆಯಲ್ಲಿ ಮಾತ್ರ ಡಾಕ್ಟರಮ್ಮ ಒಬ್ಬರೇ ಮನೆಮನೆಗೆ ಹೋಗುತ್ತಾರೆ. ಸತ್ತ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಹೂಳಿದ್ದರು. ಡಾಕ್ಟರಮ್ಮನೇ ಹಾಗೆ ಕೇಳಿಕೊಂಡಿದ್ದರಂತೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಆ ಸ್ಮಶಾನಕ್ಕೂ ಬರುತ್ತದೆಂದು ಖಾತ್ರಿಯಾದಾಗ, ಡಾಕ್ಟರಮ್ಮನ ಎಲುಬುಗಳನ್ನು ಹೊಸ ಚರ್ಚಿನ ಅಂಗಳಕ್ಕೆ ತರಲು ಕಮಿಟಿ ನಿರ್ಧರಿಸಿತು. ತನ್ನ ಹೆಂಡತಿಯನ್ನೂ ತರೋಣವೆಂದು ಕಾಕಾ ಕೈಮುಗಿದರು. ಕಮಿಟಿಯ ಹಿರಿಯರು ಅಂದರು: "ಅಮ್ಮಾವ್ರದು ಚರಿತ್ರೆ ಐತಿ, ಉಪದೇಶಿಗಳೇ. ನಿಮ್ಮ ಮನಿಯವ್ರದು ನಿಮ್ಮ ಮನಿ ವಿಚಾರ."

ಅವಸರದಲ್ಲಿ ಮೊದಲೇ ಎರಡೂ ಸಮಾಧಿಗಳ ತಲೆಗಲ್ಲು ಕಿತ್ತು ಪಕ್ಕಕ್ಕಿಟ್ಟರು. ಅಗೆಯುವ ಆಳುಗಳು ಬಂದದ್ದು ಮರುದಿನ. ಯಾವ ಕುಣಿ ಯಾರದೆಂದು ಯಾರೂ ಗುರುತು ಹಾಕಿರಲಿಲ್ಲ. ಹಿರಿಯರು ಒಂದನ್ನು ತೋರಿಸಿದರು.

"ಅದಲ್ರಿ, ಆ ಕಡೇದು" ಎಂದರು ಕಾಕಾ.

"ನೀವು ನಡುವ ಬಾಯಿ ಹಾಕಬ್ಯಾಡ್ರಿ."

ಎಲುಬಿನ ಜೊತೆ ಹಸಿರು ಗಾಜಿನ ಬಳೆಯ ಚೂರುಗಳು ಬಂದವು. ಡಾಕ್ಟರಮ್ಮ ಜನ್ಮದಲ್ಲಿ ಬಳೆ ತೊಟ್ಟವರಲ್ಲ. ಕಾಕಾ ಚೂರುಗಳನ್ನು ಆಯ್ದು ಎಲುಬಿನ ಪೆಟ್ಟಿಗೆಯಲ್ಲೇ ಇಟ್ಟು ಮುಚ್ಚಳ ಹಾಕಿದರು.

ಹೀಗೆ ಡಾಕ್ಟರಮ್ಮನ ಹೆಸರಿನ ಕಲ್ಲಿನ ಕೆಳಗೆ ಕಾಕಾನ ಹೆಂಡತಿ ಮಲಗಿದರು. ಡಾಕ್ಟರಮ್ಮ ಹಿನ್ನೀರಿನಲ್ಲಿ ಉಳಿದರು. ಕಾಕಾ ಇದನ್ನು ನನಗೆ ಹೇಳಿದ್ದು, ಪರದೇಶದ ಅತಿಥಿಗಳು ಆ ಕಲ್ಲಿಗೆ ಹೂವಿಟ್ಟು ಕಣ್ಣೊರೆಸಿಕೊಂಡು ಹೋದ ದಿನ. ನಗುತ್ತಲೇ ಹೇಳಿದರು. "ಬದುಕಿದ್ದಾಗ ಆಕಿನ್ನ ಒಬ್ಬರೂ ಬಾಯ್ತುಂಬ ಮಾತಾಡಿಸಲಿಲ್ಲ. ಈಗ ನೋಡವಾ, ವಿಮಾನ ಹತ್ತಿ ಬಂದು ಮೊಣಕಾಲು ಊರತಾರ."

"ಖರೆ ಹೇಳಿಬಿಡ್ರಿ ಕಾಕಾ."

"ಹೇಳಿದ್ರ ಆಕಿನ್ನ ಮತ್ತ ಅಗದು ಹೊರಗ ಹಾಕತಾರ. ಇರ್ಲಿ ಬಿಡು."

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ, ಅಗೆಯದೆ ಬಿಟ್ಟ ಹಳೇ ಸಮಾಧಿ ಕೆಸರಿನಲ್ಲಿ ಕಾಣುತ್ತದೆ. ಈಸ್ಟರಿಗೆ ತಮ್ಮವರ ಸಮಾಧಿಗೆ ಸುಣ್ಣ ಬಳಿಯುವುದು ಚರ್ಚಿನವರ ಪದ್ಧತಿ. ಕಾಕಾ ಬಕೆಟ್ಟು ಹಿಡಿದು ಹೋಗಿ ಅಲ್ಲಿ ಬಳಿದು ಬರುವರು. ಮುದುಕನಿಗೆ ಇನ್ನೂ ಹೆಂಡತಿಯ ಹುಚ್ಚು ಬಿಟ್ಟಿಲ್ಲವೆಂದು ಕಮಿಟಿಯವರು ನಗುತ್ತಿದ್ದರು. "ಡಾಕ್ಟರಮ್ಮ ತನ್ನವರನ್ನ ಬಿಟ್ಟು ಬಂದಾಕಿ. ಆಕಿಗೆ ಇಲ್ಲೆ ಮತ್ಯಾರದಾರ?" ಎಂದು ಕಾಕಾ ನನ್ನ ಹತ್ತಿರ ಮಾತ್ರ ಅನ್ನುತ್ತಿದ್ದರು. ಚರಿತ್ರೆ ಹೇಳುವವರಲ್ಲಿ ಒಬ್ಬನೂ ಆ ಕೆಸರು ತುಳಿಯಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಾಗ ಕಮಿಟಿಯನ್ನು ಅವರು ಕೇಳಿದ್ದು ಒಂದೇ: ಚರ್ಚಿನ ಅಂಗಳದಲ್ಲಿ, ಆ ಕಲ್ಲಿನ ಹತ್ತಿರ, ತನಗೊಂದು ಮೂಲೆ. ಕೊಡಲಿಲ್ಲ. ಸತ್ತ ಮೇಲೆ ಊರ ಹೊರಗಿನ ಸ್ಮಶಾನದಲ್ಲಿ ಹೂಳಿದರು.

ಮಣ್ಣು ಹಾಕಿ ಬರುವಾಗ ಕಮಿಟಿಯ ಆ ಹಿರಿಯರನ್ನು ಒಂದು ಬದಿಗೆ ನಿಲ್ಲಿಸಿ ಕೇಳಿಯೇಬಿಟ್ಟೆ: "ಅಂಗಳದಾಗ ಆ ಕಲ್ಲಿನ ಕೆಳಗ ಯಾರದಾರಂತ ನಿಮಗ ಗೊತ್ತೇನ್ರಿ?"

ಅವರು ಚಪ್ಪಲಿಗೆ ಹತ್ತಿದ ಮಣ್ಣನ್ನು ಕಲ್ಲಿಗೆ ಒರೆಸುತ್ತ ಸಾವಕಾಶವಾಗಿ ಹೇಳಿದರು.

"ಬಳಿ ಚೂರು ಅವತ್ತ ನಾನೂ ನೋಡೇನ್ರಿ ಅಕ್ಕಾರ. ಅದಕ್ಕ ಉಪದೇಶಿಗಳಿಗೆ ಅಲ್ಲೆ ಜಾಗ ಕೊಡಲಿಲ್ಲ. ಬಾಜೂಕ ಗಂಡನ್ನ ಹೂಳಿದ್ರ, ಯಾಕಂತ ಜನ ಕೇಳತಾರಲ್ರಿ."