ನೀವು ಎಂದ ಸಾಹೇಬರು

1934ನೇ ಇಸವಿಯ ಡಿಸೆಂಬರ್ ಹನ್ನೊಂದು. ಒಳ್ಳೆಯ ಬಿಸಿಲು, ಹಾಯಿಗೆ ಸಾಕಾಗುವಷ್ಟು ಗಾಳಿ. ಸಾಗವಾನಿ ನೋಡಲು ಬಂದಿದ್ದ ಹಾಲೆಂಡಿನ ವ್ಯಾಪಾರಿಯನ್ನು ಸಂಜೆಯೊಳಗೆ ಕಾರವಾರದಲ್ಲಿ ಹಡಗು ಹತ್ತಿಸುವ ಹೊಣೆ ನನ್ನದಾಗಿತ್ತು. ಅಂಕೋಲೆಯಲ್ಲಿ ಮೋಟಾರು ಕೆಟ್ಟಿತು. ಹತ್ತಿರದ ಕಡಲಂಚಿನ ಕೇಣಿಗೆ ನಡೆದು ಬೊಮ್ಮನೆಂಬ ಮುದುಕನ ದೋಣಿ ಕೇಳಿದೆವು.

ಸಾಹೇಬರದು ಪುಸ್ತಕದಿಂದ ಕಲಿತ ಕನ್ನಡ. "ನೀವು ದಯವಿಟ್ಟು ನಮ್ಮನ್ನು ಕರೆದೊಯ್ಯುವಿರಾ?" ಎಂದರು.

ಬೊಮ್ಮ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ನಾ ಬರೂದಿಲ್ಲ ಒಡೆಯಾ. ನಂಗೆ 'ನೀವು' ಅಂದವ ಒಬ್ನೇಯ, ಗದ್ದೆ ಜಪ್ತಿ ಮಾಡೂಕೆ ಬಂದ ಕೋರ್ಟಿನವ. ಇವ ನನ್ನ ದೋಣಿ ಜಪ್ತಿ ಮಾಡೂಕೆ ಬಂದವನೇಯ."

'ನೀನು' ಎನ್ನಿ ಎಂದು ಸಾಹೇಬರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. ಅವರ ಡಚ್ ಭಾಷೆಯಲ್ಲೂ ನೀನು, ನೀವು ಬೇರೆಬೇರೆಯಂತೆ. ಹಿರಿಯರು ತಾವಾಗಿ ಕೈ ಚಾಚಿ ಒಪ್ಪದೆ ಅವರನ್ನು 'ನೀನು' ಎನ್ನುವಂತಿಲ್ಲ. ಒಪ್ಪಿದ ಮೇಲೆ ಇಬ್ಬರೂ ಹಾಗೆಯೇ ಅನ್ನಬೇಕು. ಹಡಗು ತಪ್ಪಿದರೂ ಸರಿ, ಒಪ್ಪಿಗೆಯಿಲ್ಲದೆ ಅನ್ನೆನು ಎಂದರು.

ಇದನ್ನು ಬೊಮ್ಮನಿಗೆ ವಿವರಿಸಿದೆ. ಅವನು ಕೈಯನ್ನು ಪಂಚೆಗೆ ಒರೆಸಿ ಚಾಚಿದ. "ಅಷ್ಟೇಯಾ? ಹತ್ತು ಮಾರಾಯಾ ನೀ!"

ದಾರಿಯಲ್ಲಿನ ಅಮದಳ್ಳಿ ದಾಟುವಷ್ಟರಲ್ಲಿ ಇಬ್ಬರೂ ನೀನು, ನೀನು ಎನ್ನುತ್ತ ಮಕ್ಕಳ ಸುದ್ದಿ ಹೇಳಿಕೊಳ್ಳುತ್ತಿದ್ದರು. ಹಡಗು ಸಿಕ್ಕಿತು. ಬಾಡಿಗೆ ಎಷ್ಟೆಂದು ಸಾಹೇಬರು ಬೊಮ್ಮನನ್ನು ಕೇಳಿದರು.

"ಬೇರೆಯವ್ರಿಗೆ ಎರಡು ರೂಪಾಯಿ. ನೀ ನಮ್ಮವನೇ ಆದೆ, ನಿನ್ನತ್ರ ಕೇಳೂಕೆ ನಾಚಿಕೆ ಎಂತಕ್ಕೆ? ಐದು ಕೊಡು."

ಸಾಹೇಬರು ಸಂತೋಷದಿಂದ ಕೊಟ್ಟರು. ನನ್ನನ್ನು ಮಾತ್ರ ಕೊನೆಯ ತನಕ 'ನೀವು' ಎಂದೇ ಕರೆದು, ಬಾಗಿ ವಂದಿಸಿ ಏಣಿ ಹತ್ತಿದರು.

"ದಿನವಿಡೀ ತಿರುಗಿದ್ದಕ್ಕೆ ನಿಮಗೆಂತ ಕೊಟ್ರು?" ಎಂದು ಮನೆಯಲ್ಲಿ ಹೆಂಡತಿ ಕೇಳಿದಳು.

"ಮರ್ಯಾದೆ" ಎಂದೆ.