ಮಾವನವರ ಕಾರಿಗೆ ಹೊಸ ಬ್ರೇಕ್ ಪೈಪು

ನಾನು ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಗೆ ಬಂದಾಗ ಮಾವನವರ ಬಿಳಿ ಕಾರಿಗೆ ಇಪ್ಪತ್ತು ವರ್ಷ ದಾಟಿತ್ತು. ಮನೆಗೆಲ್ಲ ಒಂದೇ ಮೊಬೈಲು ಇದ್ದ ಕಾಲ ಅದು. ಉಡುಪಿ ಕಡೆಯ ಮಾವನವರು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ರಿಪೇರಿ ನೋಡಿಕೊಂಡು ಆಗಷ್ಟೇ ನಿವೃತ್ತರಾಗಿದ್ದರು. ನಮ್ಮದು ವಿಜಾಪುರದ ಮನೆತನ. ಅಪ್ಪ ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ದರ್ಜಿ, ನಾನು ಅವರ ಪಕ್ಕದ ಮಷೀನಿನಲ್ಲಿ ಕೂತು ರವಿಕೆ ಹೊಲಿಯುತ್ತಿದ್ದೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಗಿರಾಕಿಯೊಬ್ಬರು ಏನಾದರೊಂದು ನೆಪ ತೆಗೆದು ಮತ್ತೆ ಮತ್ತೆ ಬಂದು ಕೊನೆಗೆ ನನ್ನ ಗಂಡನಾದರು.

ಅವರ ಮನೆಯಲ್ಲಿ ಅತ್ತೆ, ಮಾವ, ಮಗ ಎಲ್ಲರದೂ ತುಳು. ನನ್ನೊಡನೆ ಮಾತ್ರ ಕನ್ನಡ. ಮಾವನವರಿಗೆ ನನ್ನ ಮೇಲೆ ಬೇಸರವೇನಿರಲಿಲ್ಲ, ಆದರೆ ನನ್ನ ಮಾತು ಅವರಿಗೆ ಅರ್ಧವಷ್ಟೇ ತಿಳಿಯುತ್ತಿತ್ತು. ಅವರದು ನನಗೆ ಮುಕ್ಕಾಲು. ಮೊದಲ ವರ್ಷವೆಲ್ಲ ನಾವಿಬ್ಬರೂ ಚಹಾ, ಊಟ, ಪೇಪರು ಇಷ್ಟರಲ್ಲೇ ಮಾತು ಮುಗಿಸಿಬಿಡುತ್ತಿದ್ದೆವು.

ಒಂದು ಭಾನುವಾರ ಕಲ್ಯಾಣ–ಶೀಳ್ ರಸ್ತೆಯಲ್ಲಿ ನಾಲ್ವರೂ ಬರುತ್ತಿದ್ದಾಗ ಮುಂದಿದ್ದ ಹೂಕೋಸಿನ ಟೆಂಪೋ ಫಕ್ಕನೆ ನಿಂತಿತು. ಮಾವನವರು ಬ್ರೇಕು ಒತ್ತಿದರು, ಪೆಡಲು ಹತ್ತಿಯ ಮೂಟೆಯೊಳಕ್ಕೆ ಇಳಿದಂತೆ ಕೆಳಗಿಳಿಯಿತು. ಮತ್ತೆ ಮತ್ತೆ ತುಳಿದರು. ಕಾರು ನಿಧಾನಕ್ಕೆ ಹೋಗಿ ಟೆಂಪೋದ ಹಿಂಬದಿಗೆ ಮೂಗು ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಡ್ರೈವರು ಇಳಿದು ಬಂದು ಬಗ್ಗಿ ನೋಡಿ, "ಕಾಕಾ, ಗೋಬಿ ಚಾಹಿಯೇ ಥಾ ತೋ ಹಾರ್ನ್ ಬಜಾತೇ" ಎಂದು, ಹೂಕೋಸು ಬೇಕಿದ್ದರೆ ಹಾರ್ನು ಹೊಡೆಯಬಾರದಿತ್ತೇ ಎಂಬಂತೆ, ನಕ್ಕು ಹೋದ.

ಮೆಕ್ಯಾನಿಕ್ ಬ್ರೇಕ್ ಆಯಿಲ್ ಬದಲಿಸಿದ, ಮತ್ತೇನೇನೋ ಬಿಚ್ಚಿ ಕಟ್ಟಿದ. ಪೆಡಲು ಹಾಗೇ ಮೆತ್ತಗೆ. ಕೊನೆಗೆ, ಈ ಗಾಡಿಗೆ ವಯಸ್ಸಾಯಿತು, ಮಾರಿಬಿಡಿ ಎಂದ. ನನ್ನ ಗಂಡನೂ ಅದೇ ಮಾತು ಹೇಳಿ ಆಫೀಸಿಗೆ ಟ್ರೇನು ಹಿಡಿಯಲು ಓಡಿದರು. ಮಾವನವರು ಎರಡು ದಿನ ಕೆಳಗಿಳಿದು ಕಾರಿನ ಸುತ್ತಲೇ ಬಗ್ಗಿ ನೋಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ನನ್ನ ಹೊಲಿಗೆ ಮಷೀನಿನ ಎದುರು ಬಂದು ನಿಂತರು.

"ನಿಂಗೆ ಸ್ವಲ್ಪ ಪುರುಸೊತ್ತು ಉಂಟಾ?"

ಕೆಳಗೆ ಸೊಸೈಟಿಯ ಅಂಗಳದಲ್ಲಿ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಬ್ರೇಕು ಒತ್ತಲು ಹೇಳಿದರು. ತಾವು ಮುಂದಿನ ಚಕ್ರದ ಹಿಂದೆ ಕೈ ತೂರಿಸಿ ಕೂತರು. ನಾನು ಒತ್ತಿದೆ. "ಹಾ!" ಎಂದು ಕೂಗಿದರು. ಏನಾಯಿತೋ ಎಂದು ಗಾಬರಿಯಿಂದ ಇಳಿದೆ. ಅವರ ಮುಖ ಅರಳಿತ್ತು. ಈಗ ತಾವು ಪೆಡಲು ಒತ್ತಿ, ನನಗೆ ಅಲ್ಲಿ ಕೈ ಇಡಲು ಹೇಳಿದರು. ಚಕ್ರಕ್ಕೆ ಹೋಗುವ ರಬ್ಬರು ಪೈಪು ನನ್ನ ಬೆರಳುಗಳ ನಡುವೆ ಉಬ್ಬಿತು, ಅವರು ಕಾಲು ತೆಗೆದಾಗ ಕುಗ್ಗಿತು.

"ಉಬ್ಬಾಕತ್ತೈತ್ರಿ ಮಾವಾರ!"

"ಅದೇ! ನಾವು ಒತ್ತಿದ ಬಲ ಎಲ್ಲ ಪೈಪು ಉಬ್ಬುವುದಕ್ಕೇ ಹೋಗ್ತದೆ. ಮತ್ತೆ ಬ್ರೇಕಿಗೆ ಎಂತ ಸಿಗುವುದು?"

ಅಷ್ಟು ಉದ್ದದ ಮಾತು ಅವರು ನನ್ನೊಡನೆ ಆಡಿದ್ದು ಅದೇ ಮೊದಲು.

ರಬ್ಬರಿನ ಬದಲು ಉಕ್ಕಿನ ತಂತಿ ಹೆಣೆದ ಪೈಪು ಹಾಕಿಸುವುದೆಂದು ಅವರು ತೀರ್ಮಾನಿಸಿದರು. ಗಾಡಿಗಳ ಬ್ರೇಕ್ ಪೈಪನ್ನು ಅಳತೆಗೆ ಮಾಡಿಕೊಡುವ ಸಣ್ಣ ವರ್ಕ್‌ಶಾಪು ಎಂಐಡಿಸಿಯಲ್ಲೇ ಇತ್ತು. ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು ಪೈಪು. ಮಾವನವರು ಅಳತೆ ತೆಗೆದು ಚೀಟಿಯಲ್ಲಿ ಬರೆಯುತ್ತಿದ್ದರು. ಟೇಪು ನನ್ನದೇ, ಹೊಲಿಗೆಯದು. ಚಕ್ರ ನೆಟ್ಟಗಿತ್ತು. ನಾನು ಸುಮ್ಮನಿರಲಾರದೆ ಕೇಳಿದೆ:

"ಮಾವಾರ, ಗಾಲಿ ಹೊಳ್ಳಿದಾಗ ಪೈಪ್ ಎಳಿಯೂದಿಲ್ಲೇನ್ರಿ? ಕೈ ಕೆಳಗ ಬಿಟ್ಟು ಅಳತಿ ತಗೊಂಡ್ರ, ಕೈ ಎತ್ತಿದಾಗ ರವಿಕಿ ಹರೀತೈತಿ."

ಅವರು ಚೀಟಿಯನ್ನೂ ನನ್ನನ್ನೂ ನೋಡಿದರು. ಮಾತು ಪೂರ್ತಿ ತಿಳಿಯಿತೋ ಇಲ್ಲವೋ, ನಾನು ತೋಳೆತ್ತಿ ತೋರಿಸಿದ್ದು ತಿಳಿಯಿತು. ಎದ್ದು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಬಂದು, ಜಾಕು ಏರಿಸಿ ಇಳಿಸಿ, ಮತ್ತೆ ಅಳೆದರು. ಮೊದಲಿನ ಅಳತೆಯ ಮೇಲೆ ಗೀಟು ಎಳೆದರು. ಮೇಲೆ ಹೋಗಿ ಅತ್ತೆಯವರ ಎದುರು ತುಳುವಿನಲ್ಲಿ ಏನೋ ಹೇಳಿ ನಕ್ಕರು. ನನ್ನ ಬಗ್ಗೆ ಒಳ್ಳೆಯದನ್ನೇ ಹೇಳಿದ್ದೆಂದು ಅತ್ತೆಯವರು ಬಡಿಸುವಾಗ ಹಾಕಿದ ಹೆಚ್ಚಿನ ತುಪ್ಪದಿಂದ ಗೊತ್ತಾಯಿತು.

ವರ್ಕ್‌ಶಾಪಿನವನು ಚೀಟಿ ಹಿಡಿದು ನನ್ನೊಡನೆ ಬಂದಿದ್ದ ಮಾವನವರೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದವನು ನನ್ನ ಬಾಯಿಂದ ಒಂದು ಮಾತು ಬೀಳುತ್ತಲೇ ಕೈಯಲ್ಲಿದ್ದುದನ್ನು ಕೆಳಗಿಟ್ಟ.

"ಯಾ ಊರಾವ್ರಿ ಅಕ್ಕಾರ? ನಾ ಕಲಬುರ್ಗಿ ಕಡಿಯಾಂವ."

ಮುಂದೆ ಹದಿನೈದು ನಿಮಿಷ ಜೋಳದ ರೊಟ್ಟಿಯ ಮಾತೇ ಆಯಿತು. ಮಾವನವರು ತಾಳ್ಮೆಯಿಂದ ಸ್ಟೂಲಿನ ಮೇಲೆ ಕೂತಿದ್ದರು. ಎರಡು ದಿನ ಬಿಟ್ಟು ಹೋದಾಗ ಆತ ಮೂರೂ ಪೈಪುಗಳನ್ನು ನಮ್ಮ ಕಣ್ಣೆದುರೇ ಯಂತ್ರಕ್ಕೆ ಜೋಡಿಸಿ, ಒತ್ತಡ ಕೊಟ್ಟು, ಎಲ್ಲೂ ಸೋರುವುದಿಲ್ಲ ಎಂದು ತೋರಿಸಿದ. ಹೊಳೆಯುವ ಆ ಪೈಪುಗಳು ಬೆಳ್ಳಿಯ ಉಡಿದಾರದ ಹಾಗಿದ್ದವು. ಬಸ್ಸಿನಲ್ಲಿ ಮಾವನವರು ಪೊಟ್ಟಣವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಹಾಕುವುದು ಅವರಿಗೆ ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಆಮೇಲೆ. ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ತೆಗೆಯಬೇಕು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲು ಬಿಟ್ಟರೆ ಗಾಳಿ ಒಳಕ್ಕೆ ನುಗ್ಗುತ್ತದೆ.

"ಒತ್ತು" ಅಂದರೆ ಒತ್ತುವುದು, "ಬಿಡು" ಅಂದರೆ ಬಿಡುವುದು ಎಂದು ಮಾತಾಯಿತು. ಮೂರು ಚಕ್ರ ಚೆನ್ನಾಗಿಯೇ ಆಯಿತು. ನಾಲ್ಕನೆಯದರಲ್ಲಿ ತಿರುಪು ಸಡಿಲವಿದ್ದಾಗಲೇ ಅತ್ತೆಯವರು ಎರಡನೇ ಮಹಡಿಯ ಬಾಲ್ಕನಿಯಿಂದ ಬಗ್ಗಿ ಏನೋ ಕೇಳಿದರು. ಮಾವನವರು ತಲೆ ಎತ್ತದೆಯೇ, ಅದನ್ನು ಬಿಡು ಎನ್ನುವುದಕ್ಕೆ ತುಳುವಿನಲ್ಲಿ "ಬುಡ್ಲ" ಎಂದರು.

ನಾನು ಬಿಟ್ಟೆ.

ಬುಸ್ ಎಂದು ಸದ್ದಾಯಿತು.

"ನಿಂಗೆ ಯಾರು ಹೇಳಿದ್ದು ಮಾರಾಯ್ತಿ! ನಾನು ಅವಳಿಗೆ ಹೇಳಿದ್ದು!"

"ಬಿಡು ಅಂದ್ರಲ್ಲಾ ಮತ್ತ!"

"ಅದು ತುಳು ಬಿಡು! ಕನ್ನಡದ ಬಿಡು ಬೇರೆ!"

ಅವರಿಗೆ ತಾವು ಹೇಳಿದ್ದು ಕೇಳಿ ತಮಗೇ ನಗು ಬಂತು. ತಿರುಪು ಬಿಗಿಯುವ ಪಾನಾ ಹಿಡಿದುಕೊಂಡೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕೆ, ಹಾರ್ನು ಕಿರ್ರೆಂದಿತು. ಮೇಲಿನಿಂದ ಅತ್ತೆಯವರು, "ಎಂತ ಆಯ್ತು? ನಾನು ಕೇಳಿದ್ದು ಅನ್ನಕ್ಕೆ ಇಡ್ಬೇಕಾ ಅಂತ!" ಎಂದು ಕನ್ನಡದಲ್ಲೇ ಕೂಗಿದರು.

ಆಮೇಲೆ ನಾವು ಇಬ್ಬರಿಗೂ ಸಮನಾದ ಮರಾಠಿಗೆ ಬಂದೆವು. ಅವರು "ದಾಬ್" ಎಂದಾಗ ಒತ್ತಿದೆ, "ಸೋಡ್" ಎಂದಾಗ ಬಿಟ್ಟೆ. ಹೊತ್ತು ಮಧ್ಯಾಹ್ನ ದಾಟಿತು. ನೋಡಲು ನಿಂತಿದ್ದ ವಾಚ್‌ಮನ್ ಕೂಡ ನನ್ನನ್ನು ಅತ್ತಿಗೆಯೆಂದು ಕರೆದು ನಡುನಡುವೆ "ದಾಬ್, ವಹಿನಿ, ದಾಬ್!" ಎಂದು ಹುರಿದುಂಬಿಸಿದ. ಕೊನೆಗೆ ಪೆಡಲು ಒಂದು ಮಟ್ಟಕ್ಕೆ ಬಂದು ಕಲ್ಲಿನ ಹಾಗೆ ನಿಂತಿತು.

ಮರುದಿನ ಎಂಐಡಿಸಿಯ ಖಾಲಿ ರಸ್ತೆಯಲ್ಲಿ ಪರೀಕ್ಷೆ. ಮಾವನವರು ಮೊದಲು ಮೆಲ್ಲಗೆ, ಮತ್ತೆ ಜೋರಾಗಿ ಬ್ರೇಕು ಹಾಕಿ ನೋಡಿದರು. ಕಾರು ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನೆಟ್ಟಗೆ ನಿಂತಿತು. ಚಕ್ರ ಪೂರ್ತಿ ತಿರುಗಿಸಿ, ಇಳಿದು ಹೋಗಿ ಪೈಪು ಎಳೆಯುತ್ತಿಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ ತಾವು ಈಚೆ ಬಂದು ನನ್ನ ಬದಿಯ ಬಾಗಿಲು ತೆರೆದರು.

"ಇಳಿ. ಆ ಕಡೆ ಕೂತ್ಕೊ. ಬ್ರೇಕು ಒತ್ಲಿಕ್ಕೆ ಹೇಗೂ ಬರ್ತದಲ್ಲ, ಉಳಿದದ್ದು ಕಲೀಲಿಕ್ಕೆ ಎಂತ ಕಷ್ಟ?"

ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಲೈಸೆನ್ಸು ಬಂದ ವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂಬ್ರಾ ಬೈಪಾಸ್ ದಾಟಿ ಠಾಣೆ ನಗರಕ್ಕೆ ಹೋದೆ. ಇಳಿಜಾರಿನಲ್ಲಿ ಲಾರಿಗಳ ಸಾಲು ಕಂಡು ಬ್ರೇಕು ಒತ್ತಿದೆ, ಪೆಡಲು ಗಟ್ಟಿಯಾಗಿ ನಿಂತಿತು. ಅಲ್ಲಿಯವರು ತಲಾವ್ ಎನ್ನುವ ಕೆರೆಯ ಬಳಿ ಕಾರು ನಿಲ್ಲಿಸಿದಾಗ ಮಾವನವರು, "ಇಲ್ಲಿ ಒಳ್ಳೆ ಚಾ ಸಿಗ್ತದೆ, ಬಾ" ಎಂದರು. ಇಬ್ಬರೂ ಎರಡೆರಡು ಲೋಟ ಕುಡಿದೆವು.